ಕುದ್ರು ಯಾವ ವಾರ್ಡಿಗೆ

ಭೂಮಿಯ ಮೇಲೆ ಗೆರೆ ಎಳೆಯುವವನು ಮನುಷ್ಯರ ಹಣೆಯ ಮೇಲೂ ಗೆರೆ ಎಳೆಯುತ್ತಾನೆ. ಆದ್ದರಿಂದ ಗಡಿ ಗುರುತಿಸುವ ಕೆಲಸ ಬ್ರಹ್ಮನ ಕೆಲಸಕ್ಕಿಂತ ಒಂದೇ ಮೆಟ್ಟಿಲು ಕೆಳಗಿನದು. ನಮ್ಮ ಪಂಚಾಯಿತಿಯ ಮಟ್ಟಿಗೆ ಈ ದೈವಿಕ ಕಾರ್ಯವನ್ನು ನೆರವೇರಿಸಿದವರು ಶೀತವಾಗಿ ಮೂಗು ಒರೆಸಿಕೊಳ್ಳುತ್ತಿದ್ದ ಒಬ್ಬ ಗುಮಾಸ್ತರು, ಅದೂ ಊಟಕ್ಕೆ ಏಳುವ ಮೊದಲು ಮುಗಿಸಿಬಿಡಬೇಕೆಂಬ ಅವಸರದಲ್ಲಿ.

ಅವರ ಮೇಲೆ ನನಗೆ ಕೋಪವಿಲ್ಲ. ಹೆಮ್ಮಾಡಿಯ ಒಂದು ಸೊಸೈಟಿಯಲ್ಲಿ ಬದುಕಿನ ಬಹುಪಾಲು ಗುಮಾಸ್ತಿಕೆ ಮಾಡಿದವನು ನಾನು. ಊಟದ ಹೊತ್ತು ಎಂದರೇನೆಂದು ಬಲ್ಲೆ. ಅವರ ಮುಂದಿದ್ದ ನಕಾಶೆಯಲ್ಲಿ ನಮ್ಮ ಹೊಳೆ ಒಂದು ನೀಲಿ ಪಟ್ಟಿ. ಪಟ್ಟಿಯ ನಡುವೆ ಹುಣಸೆ ಬೀಜದಂತೆ ಕಾಣುವುದು ನಮ್ಮ ಕುದ್ರು. ಹೊಳೆಯ ನಡುವೆ ಮೆಕ್ಕಲು ಸೇರಿ ಎದ್ದ ನೆಲಕ್ಕೆ ನಮ್ಮಲ್ಲಿ ಕುದ್ರು ಎನ್ನುತ್ತಾರೆ. ತೆಂಗು, ಬೆರಳೆಣಿಕೆಯ ಮನೆಗಳು, ಒಂದು ಅಂಗನವಾಡಿ, ಎಲ್ಲಿಗೆ ಹೋಗಬೇಕಾದರೂ ದೋಣಿ. ಇಷ್ಟೇ ಅದರ ಸಂಪತ್ತು. ನಕಾಶೆಯಲ್ಲಿ ನೋಡಿದರೆ ಬೀಜ ಮೂಡು ದಡಕ್ಕೆ ಹತ್ತಿರ, ಪಡು ದಡಕ್ಕೆ ದೂರ. ಹತ್ತಿರದ್ದನ್ನು ಹತ್ತಿರದ್ದಕ್ಕೆ ಸೇರಿಸುವುದು ನ್ಯಾಯ. ಹಾಗಾಗಿ ಲಾಗಾಯ್ತಿನಿಂದ ಪಡು ದಡದ ವಾರ್ಡಿನಲ್ಲಿದ್ದ ಕುದ್ರುವನ್ನು ಮೂಡು ದಡದ ವಾರ್ಡಿಗೆ ಹಾಕಿ ಕರಡು ಹೊರಟಿತು. ಎರಡು ಸಾವಿರದ ಹತ್ತರ ಆಸುಪಾಸಿನ ಮಾತು ಇದು.

ನಕಾಶೆಯಲ್ಲಿ ಕಾಣದ ಸಂಗತಿ ಏನೆಂದರೆ, ಮೂಡು ದಡದಲ್ಲಿ ಇರುವುದು ಬರೀ ಕೆಸರು ಮತ್ತು ಕಾಂಡ್ಲ ಗಿಡಗಳ ಪೊದೆ. ಇಳಿತದ ಹೊತ್ತಿನಲ್ಲಿ ಅಲ್ಲಿ ದೋಣಿ ಸಿಕ್ಕಿಬಿದ್ದರೆ ಭರತ ಏರುವವರೆಗೆ ಏಡಿಗಳ ಸುಖದುಃಖ ವಿಚಾರಿಸುತ್ತ ಕೂರಬೇಕು. ಪಡು ದಡದಲ್ಲಿ ಕಲ್ಲಿನ ಮೆಟ್ಟಿಲಿದೆ, ರಸ್ತೆಯಿದೆ, ಓಟು ಹಾಕುವ ಶಾಲೆಯಿದೆ. ಕುದ್ರುವಿನ ಉಳಿದವರಿಗೆಲ್ಲ ಇದು ದೋಣಿಯ ತಕರಾರು. ನಮ್ಮ ಮನೆಯ ತಕರಾರು ಮಾತ್ರ ಬೇರೆ. ಅದನ್ನು ಹೇಳಬೇಕಾದರೆ ಮೊದಲು ಒಂದು ತೆಂಗಿನ ಮರದ ವಿಷಯ ಹೇಳಬೇಕು.

ನಾವು ತಾಯಿಯನ್ನು ಕರೆಯುವುದು ಅಬ್ಬಿ ಎಂದು. ಅಬ್ಬಿ ಮತ್ತು ದೊಡ್ಡಮ್ಮ ಇಬ್ಬರೇ ಅಕ್ಕತಂಗಿಯರು, ಕುದ್ರುವಿನ ಮನೆಯಲ್ಲಿ ಹುಟ್ಟಿದವರು. ದೊಡ್ಡಮ್ಮ ಮದುವೆಯಾಗಿ ಪಡು ದಡದ ಶಾಲೆಯ ಹಿಂದಿನ ಮನೆಗೆ ಹೋದಳು. ಅಬ್ಬಿ ಹುಟ್ಟಿದ ಮನೆಯಲ್ಲೇ ಉಳಿದಳು. ಅಪ್ಪಯ್ಯನೇ ಇಲ್ಲಿಗೆ ಬಂದು ನೆಲೆಯಾದರು. ತೋಟ ಎರಡು ಪಾಲಾಗಿತ್ತು. ಎರಡು ಪಾಲಿನ ನಡುವೆ, ಹೊಳೆಯ ಅಂಚಿನಲ್ಲಿ, ಯಾರ ಪಾಲಿಗೆ ಸೇರಿದ್ದೆಂದು ಯಾರಿಗೂ ಗೊತ್ತಿಲ್ಲದ ಒಂದು ಮರ ಸೊಟ್ಟಗೆ ನಿಂತಿತ್ತು. ನಮ್ಮದು ಎಂದರು ಅಪ್ಪಯ್ಯ. ನಮ್ಮದು ಎಂದರು ದೊಡ್ಡಪ್ಪ. ಆ ಮರ ಕೊಡುತ್ತಿದ್ದ ಕಾಯಿಗಳ ಯೋಗ್ಯತೆಯನ್ನು ಇಲ್ಲಿ ಹೇಳಿ ತೀರಿಕೊಂಡವರಿಬ್ಬರ ಮಾನ ತೆಗೆಯಲಾರೆ.

ಜಿಲ್ಲೆ ಒಡೆದು ಉಡುಪಿ ಬೇರೆಯಾದ ವರ್ಷವೇ ನಮ್ಮ ಮನೆತನವೂ ಒಡೆಯಿತು. ಜಿಲ್ಲೆ ಒಡೆದಾಗ ಭಾಷಣಗಳಾದವು, ಸಿಹಿ ಹಂಚಿದರು. ನಮ್ಮಲ್ಲಿ ಇಬ್ಬರು ಗಂಡಸರು ಮನೆದೈವದ ಗುಡಿಯೆದುರು ನಿಂತು ಕಾಯಿ ಹಿಡಿದು ಆಣೆ ಇಟ್ಟರು: ಇಂದಿನಿಂದ ಈ ಮನೆಯವರು ಆ ಮನೆಯ ನೀರು ಮುಟ್ಟುವುದಿಲ್ಲ, ಅಂಗಳ ತುಳಿಯುವುದಿಲ್ಲ, ಕಾಣಲೆಂದು ಹೋಗುವುದಿಲ್ಲ, ಕರೆದು ಮಾತಾಡುವುದಿಲ್ಲ, ಯಾರ ಕೈಲೂ ಹೇಳಿಕಳುಹಿಸುವುದಿಲ್ಲ. ಅಕ್ಕತಂಗಿಯರನ್ನು ಯಾರೂ ಕೇಳಲಿಲ್ಲ. ಅವರಿಬ್ಬರು ಗುಡಿಯ ಹೊರಗೆ, ಒಬ್ಬರ ಪಕ್ಕ ಒಬ್ಬರು ನಿಂತು, ಇನ್ನು ಹೀಗೆ ನಿಲ್ಲಬಾರದು ಎಂಬುದನ್ನು ಕೇಳಿಸಿಕೊಂಡರು. ಮುಂದಿನ ಮಳೆಗಾಲದಲ್ಲಿ ದಂಡೆ ಕುಸಿದು ಮರ ಹೊಳೆಗೆ ಬಿತ್ತು, ಅಲ್ಲಿಂದ ಸಮುದ್ರಕ್ಕೆ ಹೋಯಿತು. ಆಣೆಗೆ ಮಾತ್ರ ಬೇರು ಗಟ್ಟಿಯಾಗಿತ್ತು.

ಬೇರೆ ಸೀಮೆಯವರು ಕೇಳಬಹುದು, ಇಷ್ಟಕ್ಕೆ ಹೆದರಬೇಕೆ ಎಂದು. ನಮ್ಮ ಕಡೆ ಆಣೆ ಎಂದರೆ ಕೋರ್ಟಿನ ತೀರ್ಪಿಗಿಂತ ದೊಡ್ಡದು. ಅದಕ್ಕೆ ಮೇಲ್ಮನವಿ ಇಲ್ಲ. ಮುರಿದರೆ ಪೆಟ್ಟು ಬೀಳುವುದು ಮುರಿದವರ ಮೇಲೆ ಮಾತ್ರವಲ್ಲ, ಎದುರು ಮನೆಯ ಮಕ್ಕಳ ಮೇಲೂ ಬೀಳಬಹುದು. ಅಬ್ಬಿಗೆ ತನ್ನ ಬಗ್ಗೆ ಹೆದರಿಕೆ ಇರಲಿಲ್ಲ. ದೊಡ್ಡಮ್ಮನ ಮೊಮ್ಮಕ್ಕಳಿಗೆ ಏನಾದರೂ ಆದೀತು ಎಂದು ಅವಳು ಆಣೆ ಕಾಯುತ್ತಿದ್ದಳು. ನಮಗೆ ಏನಾದರೂ ಆದೀತು ಎಂದು ದೊಡ್ಡಮ್ಮ ಕಾಯುತ್ತಿದ್ದಳು.

ಆಣೆ ಇಟ್ಟವರು ಕೆಲವೇ ವರ್ಷಗಳಲ್ಲಿ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಕೊಕ್ಕರ್ಣೆ ಕಡೆ ಪ್ರಶ್ನೆ ನೋಡುವ ಹಿರಿಯರೊಬ್ಬರ ಹತ್ತಿರ ಹೋಗಿ, ಆಣೆ ಬಿಡಿಸಬಹುದೇ ಎಂದು ಕೇಳಿದೆ. ಬಿಡಿಸಬಹುದು, ಆದರೆ ಎರಡೂ ಮನೆಯ ಯಜಮಾನರು ಅದೇ ಗುಡಿಯೆದುರು ಒಟ್ಟಿಗೆ ನಿಂತು ಬಿಡಿಸಬೇಕು ಎಂದರು. ನಾನು ತಯಾರಿದ್ದೆ. ದೊಡ್ಡಮ್ಮನ ಮಗ ಬೊಂಬಾಯಿಯಲ್ಲಿದ್ದ. ಫೋನು ಮಾಡಿ ಹೇಳಿದೆ. ಅವನು ಸಾವಧಾನವಾಗಿ ಕೇಳಿ, "ಅದ್ ಅಪ್ಪಯ್ಯ ಆಡಿದ್ ಮಾತ್ ಮಾರಾಯ. ಅಪ್ಪಯ್ಯನೇ ಬಂದ್ ಬಿಡ್ಸುದಾರೆ ಬಿಡ್ಸ್ಲಿ, ನಾ ಬತ್ತಿಲ್ಲೆ" ಎಂದ. ದೊಡ್ಡಪ್ಪ ಬರುವ ಲಕ್ಷಣವೇನೂ ಇರಲಿಲ್ಲ.

ನಂಟರಿಷ್ಟರು ಜಾಣರು. ಮದುವೆ ಮುಂಜಿಗಳಲ್ಲಿ ಒಂದು ಮನೆಯವರನ್ನು ಮಧ್ಯಾಹ್ನದ ಊಟಕ್ಕೆ, ಇನ್ನೊಂದು ಮನೆಯವರನ್ನು ಸಂಜೆಯ ಔತಣಕ್ಕೆ ಕರೆಯುತ್ತಿದ್ದರು. ಕೋಟದ ಒಂದು ಮದುವೆಯಲ್ಲಿ ನಮ್ಮ ರಿಕ್ಷಾ ಹೊರಬೀಳುವಾಗ ಅವರ ರಿಕ್ಷಾ ಒಳಗೆ ಬಂತು. ಏಕಪಥದ ರೈಲು ಓಡಿಸುವವರೂ ಇಷ್ಟು ಅಚ್ಚುಕಟ್ಟಾಗಿ ಓಡಿಸಲಾರರು. ಅಬ್ಬಿ ಆ ರಿಕ್ಷಾದ ಹಿಂಬದಿಯ ಸಣ್ಣ ಗಾಜನ್ನು ತಿರುವಿನವರೆಗೂ ನೋಡುತ್ತಿದ್ದಳು. ಕಂಡದ್ದು ಒಂದು ಸೆರಗಿನ ತುದಿ.

ಹೀಗೆ ಎಲ್ಲ ಬಾಗಿಲು ಮುಚ್ಚಿದ ಮೇಲೆ ಉಳಿದದ್ದು ಭಾರತ ಸರ್ಕಾರ.

ಅಬ್ಬಿಯ ತರ್ಕ ಹೀಗಿತ್ತು. ಶಾಲೆ ಯಾರ ಅಂಗಳವೂ ಅಲ್ಲ, ಸರ್ಕಾರದ್ದು. ಓಟಿಗೆ ಅವಳು ತಾನಾಗಿ ಹೋಗುವುದಲ್ಲ, ಸರ್ಕಾರ ಕರೆದು ಹೋಗುವುದು. ಅದೇ ಸಾಲಿಗೆ ಅದೇ ಹೊತ್ತಿಗೆ ಇನ್ನೊಬ್ಬರನ್ನೂ ಸರ್ಕಾರ ಕರೆದಿದ್ದರೆ ಅದಕ್ಕೆ ಅವಳು ಹೊಣೆಯಲ್ಲ. ಇಷ್ಟು ಸೂಕ್ಷ್ಮವಾದ ವ್ಯಾಖ್ಯಾನ ಆಣೆ ಇಟ್ಟ ಗಂಡಸರಿಬ್ಬರ ತಲೆಗೆ ಹೊಳೆದಿರಲಿಕ್ಕಿಲ್ಲ. ದೊಡ್ಡಮ್ಮ ಪಡು ದಡದಲ್ಲಿ ಕೂತು, ಯಾರೂ ಹೇಳಿಕೊಡದೆ, ಇದೇ ವ್ಯಾಖ್ಯಾನಕ್ಕೆ ಬಂದಿದ್ದಳು. ಓಟಿನ ದಿನ ಬೆಳಗ್ಗೆಯಿಂದ ಶಾಲೆಯ ಮೆಟ್ಟಿಲ ಮೇಲೆ ಕಾಲು ನೋವೆಂದು ಕೂತಿರುತ್ತಿದ್ದವಳು ಕುದ್ರುವಿನ ದೋಣಿ ಬಂದೊಡನೆ ಗುಣವಾಗಿ ಎದ್ದು ಸಾಲಿಗೆ ಸೇರುತ್ತಿದ್ದಳು.

ಆದರೂ ನೇರವಾಗಿ ಮಾತಾಡುವಂತಿಲ್ಲ. ಅದಕ್ಕೆ ಒಬ್ಬರು ಮಧ್ಯ ಬೇಕು. ಪಡು ದಡದಲ್ಲಿ ಮೀನು ಮಾರುತ್ತಿದ್ದ ಹೆಂಗಸೊಬ್ಬರಿದ್ದರು, ಊರಿಗೆಲ್ಲ ಮೀನಿನ ಅಕ್ಕ. ಪ್ರತಿ ಚುನಾವಣೆಯಲ್ಲೂ ಅವರು ಅದು ಹೇಗೋ ಇವರಿಬ್ಬರ ನಡುವೆ ನಿಂತಿರುತ್ತಿದ್ದರು. ಮಾತೆಲ್ಲ ಅವರೊಂದಿಗೆ. ಹಿಂದೆ ಮುಂದೆ ನಿಂತವರಿಗೆ ಕಿವಿಯಿದ್ದರೆ ಅದು ದೇವರು ಕೊಟ್ಟದ್ದು.

"ಕೆಲವರಿಗೆ ಮೊಣಕಾಲ್ ನೋವ್ ಅಂಬ್ರ್. ಎಣ್ಣಿ ಹಚ್ಕಂತ್ರೋ ಇಲ್ಲೆಯೋ" ಎನ್ನುವಳು ಅಬ್ಬಿ, ಮೀನಿನ ಅಕ್ಕನ ಬೆನ್ನಿಗೆ.

"ಹಚ್ಚಿ ಹಚ್ಚಿ ಸಾಕಾಯ್ತ್ ಅಂತ ನಿಂಗ್ ಹೇಳ್ದೆ ಅಲ್ದಾ ನಾ" ಎನ್ನುವಳು ದೊಡ್ಡಮ್ಮ, ಮೀನಿನ ಅಕ್ಕನ ಮುಖಕ್ಕೆ.

"ನಂಗೆ ಮೊಣಕಾಲ್ ನೋವೇ ಇಲ್ಲೆ ಮರಾಯ್ರೆ. ನಾ ಓಟ್ ಹಾಕುಕೆ ಬಂದದ್ದ್" ಎನ್ನುವರು ಮೀನಿನ ಅಕ್ಕ.

ನಾನು ಗಂಡಸರ ಸಾಲಿನಲ್ಲಿ ನಿಂತು ಇದನ್ನು ಕೇಳುತ್ತಿದ್ದೆ. ಅಬ್ಬಿ ಅಲ್ಲಿ ನಗುವ ನಗು ಮನೆಯಲ್ಲಿ ಎಂದೂ ಕೇಳದ್ದು. ಸೆರಗು ಬಾಯಿಗೆ ಒತ್ತಿಕೊಂಡು, ಹೆಗಲು ಕುಣಿಸಿ, ಶಾಲೆಗೆ ಹೋಗುವ ಹುಡುಗಿಯ ಹಾಗೆ. ಅದು ಅವಳು ಹನ್ನೆರಡು ಹದಿಮೂರರ ಪ್ರಾಯದಲ್ಲಿ ಅಕ್ಕನ ಜೊತೆ ಕುದ್ರುವಿನ ದಂಡೆಯಲ್ಲಿ ನಕ್ಕ ನಗುವಿರಬೇಕು. ನಾನು ಹುಟ್ಟುವ ಮೊದಲಿನದು, ನನ್ನ ಪಾಲಿಗೆ ಬಾರದ್ದು. ಓಟು ಮುಗಿಸಿ ಬರುವಾಗ ಅವಳು ಮುಡಿದದ್ದಲ್ಲದೆ ಕೈಯಲ್ಲಿ ತಂದ ಇನ್ನೊಂದು ಅಬ್ಬಲಿಗೆ ದಂಡೆ ಶಾಲೆಯ ಜಗಲಿಯಲ್ಲಿ ಮರೆತುಹೋಗಿರುತ್ತಿತ್ತು. ಸರ್ಕಾರಿ ಜಗಲಿಯಲ್ಲಿ ಮರೆತ ವಸ್ತು ಯಾರು ಬೇಕಾದರೂ ಮುಡಿಯಬಹುದು.

ತೊಂಬತ್ತರ ದಶಕದ ಕೊನೆಯಲ್ಲಿ ದೆಹಲಿಯ ಸರ್ಕಾರಗಳು ಬೇಗ ಬೇಗ ಬಿದ್ದವು. ದೇಶಕ್ಕೆ ಅದು ಚಿಂತೆಯ ಕಾಲ. ನಮ್ಮ ಮನೆಗೆ ಸುಭಿಕ್ಷದ ಕಾಲ. ನಾನು ಸೊಸೈಟಿಯಿಂದ ಬಂದು ದೋಣಿ ಇಳಿಯುವಷ್ಟರಲ್ಲಿ ಅಬ್ಬಿ ಕೇಳುತ್ತಿದ್ದಳು, "ಬಿತ್ತಾ?" ಇಲ್ಲ ಎಂದರೆ, "ಗಟ್ಟಿ ಇತ್ತಾ ಹ್ಯಾಂಗೆ?" ಆಮೇಲಾಮೇಲೆ ಸರ್ಕಾರಗಳು ಗಟ್ಟಿಯಾದವು. ಐದು ವರ್ಷ ಪೂರ್ತಿ ಆಳಿದ ಯಾವ ಸರ್ಕಾರವನ್ನೂ ನಮ್ಮ ಮನೆಯಲ್ಲಿ ಹೊಗಳಿದ್ದು ನನಗೆ ನೆನಪಿಲ್ಲ. ಜೊತೆಗೆ ಓಟಿನ ಯಂತ್ರ ಬಂತು. ಒಂದು ಗುಂಡಿ, ಒಂದು ಕೂಗು, ಸಾಲು ಸರಸರ ಕರಗುತ್ತಿತ್ತು. ಪಂಚಾಯಿತಿ ಚುನಾವಣೆಯಲ್ಲಿ ಮಾತ್ರ ಇನ್ನೂ ಕಾಗದ ಉಳಿದಿತ್ತು. ಒಬ್ಬೊಬ್ಬರೂ ಚೀಟಿ ತೆಗೆದುಕೊಂಡು, ಮುದ್ರೆ ಒತ್ತಿ, ಮಡಚಲು ತಿಳಿಯದೆ ಕೇಳಿ, ಮಡಚಿ, ಹಾಕಿ ಬರುವಷ್ಟರಲ್ಲಿ ಬಿಸಿಲು ಏರುತ್ತಿತ್ತು. ಸಾಲು ಇನ್ನಷ್ಟು ಉದ್ದವಿರಲಿ ಎಂದು ಬಯಸಿದ ಮತದಾರರು ಇಡೀ ತಾಲೂಕಿನಲ್ಲಿ ಇಬ್ಬರೇ ಇದ್ದರೆಂದು ಕಾಣುತ್ತದೆ.

ಅಂಥ ಪಂಚಾಯಿತಿ ಚುನಾವಣೆಗೆ ಮುಂಚೆ ಈ ಕರಡು ಬಂತು. ಪಂಚಾಯಿತಿಯ ಹಲಗೆಯಲ್ಲಿ ಅದರ ಮೇಲೆ ನಾಯಿಗಳಿಗೆ ಚುಚ್ಚುಮದ್ದು ಹಾಕಿಸುವ ಪ್ರಕಟಣೆ ಅಂಟಿಸಿದ್ದರಂತೆ. ಅದನ್ನು ಸರಿಸಿ ಓದಿದವರು ನಮ್ಮ ನೆರೆಯವರು, ಬೊಂಬಾಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವರು. ಊರಿನಲ್ಲಿ ಅವರನ್ನು ಬೊಂಬಾಯಿ ಅಣ್ಣ ಎನ್ನುತ್ತಿದ್ದರು. ದೋಣಿಯಿಂದಲೇ ಕೂಗುತ್ತ ಬಂದರು, "ಹ್ವಾಯ್, ನಮ್ಮನ್ನ್ ಮೂಡ್ ಬದಿಗೆ ಬಿಸಾಡಿರ್ ಕಾಣಿ. ಏಕ್‌ದಂ ಕೆಸರಿಗೆ."

ಅಬ್ಬಿ ಮೆಟ್ಟುಗತ್ತಿಯ ಮುಂದೆ ಕೂತು ಸೌತೆಕಾಯಿ ಹೆಚ್ಚುತ್ತಿದ್ದಳು. ಕೈ ನಿಂತಿತು. "ಓಟ್ ಎಲ್ಲಿ ಹಾಕುದ್ ಅಂಬ್ರ್?" ಎಂದು ಒಂದೇ ಮಾತು ಕೇಳಿದಳು. ಮೂಡು ದಡದ ಯಾವುದೋ ಸಭಾಭವನದಲ್ಲಿ ಎಂದರು ಅವರು. ಅಬ್ಬಿ ಹೋಳುಗಳನ್ನು ನೀರಿಗೆ ಹಾಕಿ ಎದ್ದುಹೋದಳು.

ಆಕ್ಷೇಪಣೆ ಇದ್ದವರು ಸಲ್ಲಿಸಬಹುದು, ಅಧಿಕಾರಿಗಳು ಪಂಚಾಯಿತಿಗೇ ಬಂದು ಸಾರ್ವಜನಿಕರ ಮಾತು ಕೇಳುತ್ತಾರೆ ಎಂದಿತ್ತು. ಕುದ್ರುವಿನ ಮನೆಗಳವರೆಲ್ಲ ನಮ್ಮ ಜಗಲಿಯಲ್ಲಿ ಸೇರಿದರು. ಏನು ಕಾರಣ ಕೊಡುವುದು? ಹೊಳೆಯ ಕಷ್ಟ ಹೇಳುವುದೆಂದಾಯಿತು. ನಮಗೆ ಮೀನು ಮರಳು ಎಲ್ಲ ಕೊಟ್ಟು ಸಾಕಿದ ಹೊಳೆಯನ್ನು ಆ ದಿನ ನಮ್ಮ ಜನ ಬೈದ ರೀತಿ ನೋಡಬೇಕಿತ್ತು. ಒಬ್ಬರು ಗಾಳಿ ಎಂದರೆ ಇನ್ನೊಬ್ಬರು ಸುಳಿ ಎಂದರು. ಸುಳಿಯನ್ನು ಯಾರೂ ಕಂಡಿರಲಿಲ್ಲ. ನಾನು ಹಳೆಯ ಕ್ರಮದಲ್ಲಿ, ಮಾನ್ಯರ ಸನ್ನಿಧಿಗೆ ಎಂದು ತೊಡಗಿ, ಅರ್ಜಿ ಬರೆದೆ. ಬೊಂಬಾಯಿ ಅಣ್ಣ ಎಲ್ಲರಿಗೂ ತರಬೇತಿ ಕೊಟ್ಟರು: ಕಷ್ಟವನ್ನು ಕಡಿಮೆ ಹೇಳಬಾರದು, ಆಫೀಸರ ಕಣ್ಣಿನಲ್ಲಿ ನೀರು ಬರಬೇಕು, ಅದಕ್ಕೆ ಪ್ರಾಯವಾದ ಹೆಂಗಸರೇ ಸೈ. ಅಬ್ಬಿ ತಾನೂ ಬರುತ್ತೇನೆಂದಳು.

ಆ ದಿನ ದೋಣಿಯಲ್ಲಿ ಅವಳ ಹತ್ತಿರ ಕೂತು ಮೆಲ್ಲಗೆ ಕೇಳಿದೆ, ಇದ್ದದ್ದನ್ನೇ ಅಧಿಕಾರಿಗೆ ಹೇಳಿಬಿಟ್ಟರೇನು ಎಂದು. ಅಬ್ಬಿ ನೀರಿನ ಕಡೆ ನೋಡುತ್ತ ಹೇಳಿದಳು, "ಹೇಳಿರೆ ಆಣಿ ಮುರಿತ್ತ್. ಅವ್ಳನ್ನ್ ಕಾಂಬುಕೇ ಹೋಪುದ್ ಅಂತ ನನ್ ಬಾಯಂಗೇ ಬಂದಾಂಗ್ ಆಯ್ತಲೆ. ಈಗ ಸರ್ಕಾರ ಕರಿತ್ತ್, ನಾ ಹೋತೆ. ಅಷ್ಟೆ."

ಪಂಚಾಯಿತಿಯ ಸಭಾಂಗಣದಲ್ಲಿ ಆಗಲೇ ಜನ ತುಂಬಿತ್ತು. ಅಧಿಕಾರಿ ಘಟ್ಟದ ಮೇಲಿನವರು, ಹುಡುಗು ಪ್ರಾಯ, ಬಹಳ ವಿನಯ. ಒಬ್ಬರ ಮನೆ ಒಂದು ವಾರ್ಡಿಗೂ ಹಟ್ಟಿ ಇನ್ನೊಂದು ವಾರ್ಡಿಗೂ ಬಿದ್ದಿತ್ತು. ದನಗಳಿಗೆ ಓಟಿಲ್ಲದ್ದರಿಂದ ತೊಂದರೆಯಿಲ್ಲವೆಂದು ಅಧಿಕಾರಿ ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ. ಇನ್ನೊಬ್ಬರು ತಾವು ಚುನಾವಣೆಗೆ ನಿಲ್ಲಬೇಕೆಂದಿರುವ ವಾರ್ಡಿನಿಂದ ತಮ್ಮ ಹೆಂಡತಿಯ ತವರಿನವರನ್ನೆಲ್ಲ ತೆಗೆದುಹಾಕಿದ್ದಾರೆ ಎಂದರು. ಗೆಲ್ಲಲಿಕ್ಕೆ ಅದೇ ಒಳ್ಳೆಯದು ಎಂದರು ಹಿಂದಿನಿಂದ ಯಾರೋ.

ಗೋಡೆಯ ಬದಿಯ ಬೆಂಚಿನಲ್ಲಿ ದೊಡ್ಡಮ್ಮ ಕೂತಿದ್ದಳು, ಪಕ್ಕದಲ್ಲಿ ಮೀನಿನ ಅಕ್ಕ. ಸಾರ್ವಜನಿಕರು ಬರಬಹುದು ಎಂದು ಸರ್ಕಾರ ಕರೆದಿತ್ತಲ್ಲ. ಅಬ್ಬಿ ನೋಡಿಯೂ ನೋಡದವಳಂತೆ ಹೋಗಿ ಮೀನಿನ ಅಕ್ಕನ ಈ ಬದಿಗೆ ಕೂತಳು.

"ಕೆಲವರ್ ಸಪೂರ ಆಯಿರ್ ಕಾಣ್" ಎಂದಳು ದೊಡ್ಡಮ್ಮ ಮೀನಿನ ಅಕ್ಕನಿಗೆ.

"ಪ್ರಾಯ ಆಯ್ತಲೆ. ನಂಗಿಂತ ಪ್ರಾಯದವ್ರ್ ಕೆಲವರ್ ಗುಂಡ್‌ಕಲ್ಲಾಂಗ್ ಕೂಕಂಡಿರ್, ಅದೇ ಆಶ್ಚರ್ಯ" ಎಂದಳು ಅಬ್ಬಿ.

"ಎರಡ್ ಬದಿಯಿಂದ್ಲೂ ಬೈಸ್ಕಂಬುದ್ ನಾನಾ?" ಎಂದರು ಮೀನಿನ ಅಕ್ಕ. ಬೆಂಚು ಅಲುಗುವಷ್ಟು ನಗು.

ಕುದ್ರುವಿನ ಸರದಿ ಬಂತು. ಬೊಂಬಾಯಿ ಅಣ್ಣ ಪೀಠಿಕೆ ಹಾಕಿ ಅಬ್ಬಿಯನ್ನು ಮುಂದೆ ಮಾಡಿದರು. ಅಧಿಕಾರಿ ಎದ್ದು ಕುರ್ಚಿ ಹಾಕಿಸಿದರು. ನಿಮ್ಮ ತೊಂದರೆ ಏನಮ್ಮ ಎಂದರು. ಅಬ್ಬಿ ಹೇಳಿಕೊಟ್ಟದ್ದನ್ನು ಹೇಳಿಕೊಟ್ಟವರಿಗಿಂತ ಚೆನ್ನಾಗಿ ಹೇಳಿದಳು. ಮೂಡು ದಡದ ಕೆಸರು ಹೇಳಿದಳು. ಮಳೆಗಾಲದ ಗಾಳಿ, ಪಾಚಿ ಹಿಡಿದ ಮೆಟ್ಟಿಲು, ಅಲುಗುವ ದೋಣಿಯಲ್ಲಿ ನಡುಗುವ ಮೊಣಕಾಲು, ಎಲ್ಲ ಹೇಳಿದಳು. ಕೊನೆಗೆ, "ಹೊಳಿ ದಾಟಿ ಓಟಿಗೆ ಹೋಪುದಂದ್ರೆ ಜೀವ ಕೈಯಂಗ್ ಹಿಡ್ಕಂಡ್ ಹೋಪುದ್, ಸಾಮಿ" ಎಂದಳು. ಅಧಿಕಾರಿ ಬರೆಯುವುದನ್ನು ನಿಲ್ಲಿಸಿ ಅವಳನ್ನೇ ನೋಡಿದರು. ಊರಲ್ಲಿ ಅವರ ತಾಯಿಗೂ ಇದೇ ಪ್ರಾಯವಿರಬೇಕು.

ಕುದ್ರು ಹಿಂದಿನಂತೆ ಪಡು ದಡದ ವಾರ್ಡಿನಲ್ಲೇ ಇರಲಿ, ಹಾಗೆಂದೇ ಶಿಫಾರಸು ಮಾಡುತ್ತೇನೆ ಎಂದರು. ಚಪ್ಪಾಳೆ ಬಿತ್ತು. ಅಬ್ಬಿ ಬೆಂಚಿನ ಕಡೆ ತಿರುಗಿದಳು. ದೊಡ್ಡಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಅಲ್ಲಿಗೆ ಅಧಿಕಾರಿ ಪುಸ್ತಕ ಮುಚ್ಚಿದ್ದರೆ ಪ್ರಜಾಪ್ರಭುತ್ವದ ಬಗ್ಗೆ ನನಗೆ ಇಂದಿಗೂ ಪೂರ್ಣ ವಿಶ್ವಾಸವಿರುತ್ತಿತ್ತು. ಆದರೆ ಅವರು ಒಳ್ಳೆಯವರು. ಒಳ್ಳೆಯವರು ಕೇಳಿದಷ್ಟಕ್ಕೆ ನಿಲ್ಲಿಸುವುದಿಲ್ಲ.

"ಆದ್ರೂ ನೀವು ಹೊಳೆ ದಾಟೋದು ತಪ್ಪಲಿಲ್ಲವಲ್ಲಮ್ಮ" ಎಂದರು. "ಕುದ್ರುವಿನಲ್ಲಿ ಸರ್ಕಾರಿ ಕಟ್ಟಡ ಏನಾದ್ರೂ ಇದೆಯಾ?"

"ಅಂಗನವಾಡಿ ಇತ್ತ್ ಸಾರ್, ಫ್ಯಾನ್ ಸಹಿತ" ಎಂದರು ಬೊಂಬಾಯಿ ಅಣ್ಣ ಹೆಮ್ಮೆಯಿಂದ.

"ಹಾಗಾದ್ರೆ ಮತಗಟ್ಟೆ ಅಲ್ಲೇ ಮಾಡಿಸ್ತೀನಿ. ಇನ್ಮೇಲೆ ನೀವು ಓಟಿಗೋಸ್ಕರ ದೋಣಿ ಹತ್ತೋದೇ ಬೇಡ."

ಸಭಾಂಗಣದಲ್ಲಿ ಹಬ್ಬ. ಕುದ್ರುವಿನವರು ಎದ್ದು ನಿಂತು ಕೈ ಮುಗಿದರು. ನಮ್ಮ ಪಂಚಾಯಿತಿಯ ಇತಿಹಾಸದಲ್ಲಿ ಒಂದು ಅರ್ಜಿಗೆ ಬೇಡಿದ್ದಕ್ಕಿಂತ ಹೆಚ್ಚು ಸಿಕ್ಕಿದ್ದು ಅದೇ ಮೊದಲು. ಆ ಗದ್ದಲದಲ್ಲಿ ಅಬ್ಬಿ "ಬ್ಯಾಡ" ಎಂದದ್ದು ಹತ್ತಿರವಿದ್ದವರಿಗಷ್ಟೇ ಕೇಳಿತು. ಮತ್ತೊಮ್ಮೆ ಹೇಳಿದಳು, "ಬ್ಯಾಡ ಸಾಮಿ. ನಂಗೆ ದೋಣಿ ಎಂತ ಕಷ್ಟ ಇಲ್ಲೆ."

"ಈಗಷ್ಟೇ ಜೀವ ಕೈಯಲ್ಲಿ ಹಿಡ್ಕೊಂಡು ಹೋಗೋದು ಅಂದ್ರಲ್ಲಮ್ಮ" ಎಂದು ಅಧಿಕಾರಿ ನಕ್ಕರು. ಎಲ್ಲರೂ ನಕ್ಕರು. ಪ್ರೀತಿಯ ನಗೆಯೇ. ಪ್ರಾಯವಾದ ಹೆಂಗಸು, ಸರ್ಕಾರಕ್ಕೆ ತೊಂದರೆ ಕೊಡಲು ನಾಚಿಕೊಳ್ಳುತ್ತಿದ್ದಾಳೆ ಎಂದು ಎಲ್ಲರೂ ತಿಳಿದರು.

ನಾನು ಎದ್ದೆ. ಅಬ್ಬಿ ನನ್ನ ಕಡೆ ನೋಡದೆಯೇ, ಮಡಿಲಲ್ಲಿದ್ದ ಅಂಗೈಯನ್ನು ಕೆಳಗೆ ಮಾಡಿ ಒತ್ತಿದಳು. ಕೂತೆ.

ಆಗ ದೊಡ್ಡಮ್ಮ ಎದ್ದಳು. ಸಾರ್ವಜನಿಕರಲ್ಲಿ ಅವಳೂ ಒಬ್ಬಳು. ಅಧಿಕಾರಿಯನ್ನೇ ನೋಡುತ್ತ, "ಕುದ್ರಿನವ್ರ್ ಬಪ್ಪುದ್ ನಿಂತ್ರೆ ನಮ್ ಸಾಲಂಗ್ ಜನ ಕಮ್ಮಿ ಆತ್ರ್, ಸಾಮಿ" ಎಂದಳು.

"ಕಮ್ಮಿ ಆದ್ರೆ ಒಳ್ಳೇದಲ್ವಾ ಅಮ್ಮ? ನೀವೂ ಬೇಗ ಮನೆಗೆ ಹೋಗಬಹುದು" ಎಂದರು ಅಧಿಕಾರಿ.

ದೊಡ್ಡಮ್ಮ ಗೋಡೆ ಹಿಡಿದು ಕೂತಳು.

ಜನ ಇಳಿದುಹೋದರು. ಅಧಿಕಾರಿ ಜೀಪು ಹತ್ತಿದರು. ಅಬ್ಬಿ ಗೋಡೆಯ ಬದಿಯ ಬೆಂಚಿಗೆ ಮರಳಿ ಬಂದು ಮೀನಿನ ಅಕ್ಕನ ಬದಿಗೆ ಕೂತವಳು ಏಳಲಿಲ್ಲ. ಸಭೆ ಮುಗಿಯಿತೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಆದ್ದರಿಂದ ಸರ್ಕಾರದ ಕರೆ ಇನ್ನೂ ಜಾರಿಯಲ್ಲಿತ್ತು. ಮೀನಿನ ಅಕ್ಕ ಬುಟ್ಟಿಯಲ್ಲಿ ಮೀನು ಹಾಳಾಗುತ್ತದೆ ಎಂದು ಗೊಣಗುತ್ತ ಕೂತೇ ಇದ್ದರು.

"ಸರ್ಕಾರ ಇನ್ನ್ ಯಾವಾಗ ಕರಿತ್ತೋ ಕೇಳ್" ಎಂದಳು ದೊಡ್ಡಮ್ಮ.

"ಜನಗಣತಿ ಬತ್ತ್ ಅಂಬ್ರ್" ಎಂದಳು ಅಬ್ಬಿ.

"ಅದಕ್ಕ್ ಅವ್ರೇ ಮನಿಗ್ ಬತ್ರ್."

"ರೇಷನ್ ಕಾರ್ಡಿಗ್ ಫೋಟೋ ತೆಗುದಿತ್ತ್ ಅಂಬ್ರ್."

"ಕುದ್ರಿಗೆ ಬೇರೆ ದಿನ."

ಮೀನಿನ ಅಕ್ಕನ ಒಂದು ಮೊಣಕೈಗೆ ಅಬ್ಬಿಯ ಮೊಣಕೈ ತಾಗಿತ್ತು, ಇನ್ನೊಂದಕ್ಕೆ ದೊಡ್ಡಮ್ಮನದು. ಅವರು ಅಲುಗದೆ ಕೂತಿದ್ದರು, ಭುಜದ ಮೇಲೆ ಹಕ್ಕಿ ಕೂತವರ ಹಾಗೆ. ಜವಾನ ಬೀಗ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತ.

ಮರಳುವಾಗ ಅಬ್ಬಿ ದೋಣಿಯಲ್ಲಿ ಪಡು ದಡಕ್ಕೆ ಮುಖ ಮಾಡಿ ಕೂತಳು. ಬೊಂಬಾಯಿ ಅಣ್ಣ ಅಂಗನವಾಡಿಗೆ ಸುಣ್ಣ ಹೊಡೆಸುವ ಮಾತಾಡುತ್ತಿದ್ದರು. ನಡುಹೊಳೆಯಲ್ಲಿ ಅಬ್ಬಿ, "ಒಳ್ಳೆ ಮಾಣಿ. ಅವನ ಅಬ್ಬಿ ಪುಣ್ಯ ಮಾಡಿರ್ಕ್" ಎಂದಳು. ಅಧಿಕಾರಿಯ ಬಗ್ಗೆ ಅವಳು ಆಡಿದ ಮಾತು ಅದೊಂದೇ. ಅದರಲ್ಲಿ ವ್ಯಂಗ್ಯ ಹುಡುಕಿದೆ, ಇರಲಿಲ್ಲ.

ಚುನಾವಣೆಯ ದಿನ ಪೆಟ್ಟಿಗೆ ಹೊತ್ತ ಸಿಬ್ಬಂದಿ ಹೊಳೆಯನ್ನು ಶಪಿಸುತ್ತ ಕುದ್ರುವಿಗೆ ಇಳಿದರು. ಗೋಡೆಯ ಮೇಲೆ ಆನೆ, ಇಲಿ, ಈರುಳ್ಳಿಯ ಚಿತ್ರ. ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ರಾಜ್ಯದ ನೌಕರರು ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದರು. ಅಬ್ಬಿ ಎಂದಿನಂತೆ ಸೀರೆ ಉಟ್ಟು, ಹೂ ಮುಡಿದು ಹೋದಳು. ಸಾಲು ಇರಲಿಲ್ಲ. ಖಾಲಿ ಇದೆ, ಬನ್ನಿ ಅಮ್ಮ ಎಂದು ಒಳಗಿನಿಂದ ಕರೆದರು. ಅವಳು ಬಾಗಿಲಿನ ಬದಿಯಲ್ಲಿ ನಿಂತೇ ಇದ್ದಳು. ಬೊಂಬಾಯಿ ಅಣ್ಣ, ಅವರ ಹೆಂಡತಿ ಬಂದರು. ಅವರನ್ನು ಮುಂದೆ ಬಿಟ್ಟಳು. ಆಚೆ ಮನೆಯವರು ಬಂದರು, ಅವರನ್ನೂ ಬಿಟ್ಟಳು. ಇನ್ನು ಬಿಡಲು ಯಾರೂ ಇಲ್ಲವಾದಾಗ ಒಳಗೆ ಹೋದಳು. ಅವಳು ಮನೆಗೆ ಬಂದಾಗ ಗಂಜಿ ಇನ್ನೂ ಬಿಸಿಯಿತ್ತು.

ಮುಂದಿನ ವಾರ ನಾನು ಸೊಸೈಟಿಗೆ ಹೋಗುವಾಗ ಪಡು ದಡದ ಮೆಟ್ಟಿಲಲ್ಲಿ ಮೀನಿನ ಅಕ್ಕ ಸಿಕ್ಕಿದರು. ಹೇಳಿಕಳುಹಿಸುವ ಹಾಗಿಲ್ಲ ಎಂಬುದು ಅವರಿಗೂ ಗೊತ್ತು. ಬುಟ್ಟಿಯೊಂದಿಗೆ ಮಾತಾಡುವವರಂತೆ ಹೇಳಿದರು, "ಈ ಸರ್ತಿ ಸಾಲಂಗ್ ನಂಗ್ ಹೊತ್ತೇ ಹೋಯ್ಲಿಲ್ಲೆ. ಹಿಂದ್ಗಡೆ ಗ್ವಾಡೆ, ಎದುರಿಗ್ ಆ ಹೆಂಗ್ಸ್. ಅವ್ಳ್ ಬಾಯೇ ಬಿಡುದಿಲ್ಲೆ." ನಾನು ಇದನ್ನು ಮನೆಯಲ್ಲಿ ಹೇಳಲಿಲ್ಲ.

ಅನಂತರದ ವಿಧಾನಸಭೆ, ಲೋಕಸಭೆ ಚುನಾವಣೆಗಳಿಗೂ ಅಂಗನವಾಡಿಯೇ ಗಟ್ಟಿಯಾಯಿತು. ಕೊಟ್ಟ ಸೌಕರ್ಯವನ್ನು ಸರ್ಕಾರ ಹಿಂದಕ್ಕೆ ಪಡೆಯುವುದಿಲ್ಲ. ಹಿಂದಕ್ಕೆ ಕೊಡುತ್ತೇವೆಂದು ಅರ್ಜಿ ಹಾಕುವ ಪದ್ಧತಿಯೂ ಇಲ್ಲ. ಸಂಜೆ ದೋಣಿ ಇಳಿದು ಬರುವಾಗ ಅಬ್ಬಿ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಕೆಲವು ದಿನ ನಾನಾಗಿಯೇ, ಸರ್ಕಾರ ಅಲ್ಲಾಡುತ್ತಿದೆಯಂತೆ ಎನ್ನುತ್ತಿದ್ದೆ. "ಅಲ್ಲಾಡ್ಲಿ" ಎನ್ನುತ್ತಿದ್ದಳು.

ಅಂತಿಮ ಅಧಿಸೂಚನೆಯಲ್ಲಿ ನಮ್ಮ ಆಕ್ಷೇಪಣೆಯನ್ನು ಪೂರ್ತಿ ಒಪ್ಪಿದ್ದರು. ಕುದ್ರು ಪಡು ದಡದ ವಾರ್ಡಿನಲ್ಲೇ ಉಳಿಯಿತು, ಮತಗಟ್ಟೆ ಕುದ್ರುವಿನ ಅಂಗನವಾಡಿಯಲ್ಲಿ. ಅಬ್ಬಿ ಮತ್ತು ದೊಡ್ಡಮ್ಮ ಆಮೇಲೆ ಭೇಟಿಯಾಗಲಿಲ್ಲ.